ಅರ್ಧ ಸುತ್ತು ಕೊಸರು

"ಅವ್ವಾ, ಅನ್ನದಾನಮ್ಮಜ್ಜಿ ದಿನಾ ಸೂರ್ಯಾಗ ಯಾಕ ಕಣ್ಣು ಹೊಡೀತಾಳ?"

ಐದು ವರ್ಷದ ಗಂಗಾಂಬಿಕಾ ಈ ಪ್ರಶ್ನೆ ಕೇಳಿದಾಗ ಅಂಗನವಾಡಿ ಟೀಚರು ಸುಕನ್ಯಾ ರೊಟ್ಟಿ ಬಡಿಯುತ್ತಿದ್ದಳು. ನಗು ತಡೆಯಲಾಗದೆ ಕೈಯಲ್ಲಿದ್ದ ರೊಟ್ಟಿ ಹರಿಯಿತು. ಕಣ್ಣು ಹೊಡೆಯುವುದು ಅಂದರೇನು ಅಂತ ಈ ಹುಡುಗಿಗೆ ಕಲಿಸಿಕೊಟ್ಟವರು ಯಾರು ಎಂಬುದನ್ನು ಆಮೇಲೆ ವಿಚಾರಿಸಿದರಾಯಿತು. ಮೊದಲು ಎದುರುಮನೆ ಅಜ್ಜಿಯ ಮಾನ ಉಳಿಸಬೇಕಿತ್ತು.

"ಕಣ್ಣು ಹೊಡಿಯಂಗಿಲ್ಲವ್ವ. ಸ್ಟೌವಿನ ನಾಝಲ್ ಇರ್ತೈತಲ್ಲ, ಅದರ ತೂತಿನ್ಯಾಗ ಬೆಳಕು ದುಂಡಗ ಬರ್ತೈತೋ ಇಲ್ಲೋ ನೋಡ್ತಾಳ."

"ದುಂಡಗ ಬರ್ಲಿಲ್ಲಂದ್ರ?"

"ಮತ್ತ ತೊಳೀತಾಳ."

"ಯಾರನ್ನ? ಸೂರ್ಯಾನ್ನೇನು?"

ಸುಕನ್ಯಾ ಕೈಮುಗಿದು ಮಗಳನ್ನು ಹೊರಗೆ ಕಳಿಸಿದಳು. ಹುಡುಗಿ ನೆಟ್ಟಗೆ ಓಣಿ ದಾಟಿ ಅನ್ನದಾನಮ್ಮನ ಕಟ್ಟೆ ಹತ್ತಿ ಕೂತಿತು. ಅಲ್ಲಿಂದ ಅಜ್ಜಿಯ ನಗು ಕೇಳಿಸಿದಾಗ ಪ್ರಶ್ನೆ ಅಲ್ಲಿಗೂ ಮುಟ್ಟಿತು ಅಂತ ಗೊತ್ತಾಯಿತು.

ಕೊಟ್ಟೂರಿನ ಆ ಓಣಿಯಲ್ಲಿ ಅನ್ನದಾನಮ್ಮನ ಕಟ್ಟೆಯೇ ಅವಳ ಅಂಗಡಿ. ಬೋರ್ಡಿಲ್ಲ, ಬಾಗಿಲಿಲ್ಲ. ಸೀಮೆಎಣ್ಣೆ ವಾಸನೆ ಎಲ್ಲಿಂದ ಶುರುವಾಗುತ್ತದೋ ಅಲ್ಲಿಂದ ಅಂಗಡಿ ಶುರು. ಹಿತ್ತಾಳೆಯ ಪಂಪ್ ಸ್ಟೌಗಳು ಆಸ್ಪತ್ರೆಯ ಮುಂದೆ ಪಾಳಿ ಹಚ್ಚಿದ ಹೆಂಗಸರ ಹಾಗೆ ಗೋಡೆಗೆ ಒರಗಿ ಕೂತಿರುತ್ತಿದ್ದವು. ಒಂದಕ್ಕೆ ಕಾಲು ಮುರಿದಿದೆ, ಒಂದಕ್ಕೆ ಪಂಪಿನ ಚರ್ಮ ಒಣಗಿದೆ. ಹತ್ತರಲ್ಲಿ ಎಂಟಕ್ಕೆ ನಾಝಲ್ ಕಟ್ಟಿದೆ. ಅನ್ನದಾನಮ್ಮ ಒಂದೊಂದನ್ನೇ ತೊಡೆಯ ಮೇಲಿಟ್ಟುಕೊಂಡು, "ಏನವ್ವ, ಗಂಟ್ಲು ಕಟ್ಟೇತೇನು? ಅತ್ತಿ ಮನ್ಯಾಗ ಏನು ಉಣ್ಸಿದ್ರು?" ಅಂತ ಕೇಳಿಯೇ ಪಾನಾ ಹಚ್ಚಿ ಬಿಚ್ಚುತ್ತಿದ್ದಳು.

ಅವಳ ತವರು ಕೋಗಳಿ. ಮದುವೆಯಾಗಿ ಬಂದಾಗ ಗಂಡ ಅಜ್ಜಯ್ಯ ಇದೇ ಕಟ್ಟೆಯ ಮೇಲೆ ಸ್ಟೌ ರಿಪೇರಿ ಮಾಡುತ್ತಿದ್ದ. ಅವನು ಕೂತರೆ ಇವಳು ಎಣ್ಣೆ ಬಟ್ಟೆ ಕೊಡುವುದು, ಅವನು ಎದ್ದರೆ ಇವಳು ಬಿಚ್ಚಿದ್ದನ್ನು ಜೋಡಿಸುವುದು, ಹೀಗೆ ಕೆಲಸ ಕೈಗೆ ಹತ್ತಿತು. ಅಜ್ಜಯ್ಯ ತೀರಿಕೊಂಡು ಹದಿನೇಳು ವರ್ಷ. ದಿನಕರ್ಮ ಮುಗಿದ ಮರುದಿನವೇ ಯಾರೋ ಕೆಟ್ಟ ಸ್ಟೌ ತಂದು ಕಟ್ಟೆಯ ಮೇಲಿಟ್ಟು, ಏನು ಹೇಳಬೇಕೋ ತಿಳಿಯದೆ ನಿಂತರಂತೆ. ಅನ್ನದಾನಮ್ಮ ಕಣ್ಣೊರೆಸಿಕೊಂಡು, "ಸಂಜೀಗೆ ಬರ್ರಿ" ಅಂದಳಂತೆ. ಅಂಗಡಿಯ ವರ್ಗಾವಣೆ ಅಷ್ಟರಲ್ಲೇ ಮುಗಿಯಿತು.

ಅವಳ ಕೆಲಸದ ರೀತಿ ಓಣಿಗೆಲ್ಲ ಬಾಯಿಪಾಠ. ಬಿಚ್ಚಿದ ನಾಝಲನ್ನು ಮೊದಲು ಸೀಮೆಎಣ್ಣೆಯಲ್ಲಿ ನೆನೆ ಹಾಕುವುದು. ಆಮೇಲೆ ತೂತಿನೊಳಗೆ ಎಮ್ಮೆ ಬಾಲದ ಕೂದಲು ಹಾಯಿಸುವುದು. ಈ ಕೂದಲು ಹಿಂದಿನ ಓಣಿಯ ಜಂಬಕ್ಕನ ಎಮ್ಮೆಯದು. ತಿಂಗಳಿಗೊಮ್ಮೆ ಅನ್ನದಾನಮ್ಮ ಹಿಂಡಿ ತಿನ್ನಿಸಿ, ಎಮ್ಮೆ ಮೈಮರೆತಾಗ ನಾಲ್ಕು ಕೂದಲು ಕಿತ್ತುಕೊಂಡು ಬರುತ್ತಿದ್ದಳು. ಕೂದಲು ಹಾದ ಮೇಲೆ ಸೈಕಲ್ ಪಂಪಿನಿಂದ ಹಿಂದುಮುಂದಾಗಿ ಗಾಳಿ. ಆಮೇಲೆ ಒಂದು ಕಣ್ಣು ಮುಚ್ಚಿ ಸೂರ್ಯನ ಕಡೆಗೆ ಹಿಡಿದು ನೋಡುವುದು.

ಅಲ್ಲಿಗೆ ಬೇರೆಯವರ ಕೆಲಸ ಮುಗಿಯುತ್ತದೆ. ಅನ್ನದಾನಮ್ಮನದು ಇನ್ನೊಂದು ಬಾಕಿ. ತುರುಬಿನಲ್ಲಿ ಹೂವಿನ ಹಾಗೆ ಸಿಕ್ಕಿಸಿದ ಸ್ಟೌ ಪಿನ್ ಒಂದನ್ನು ತೆಗೆದು, ತೂತಿಗೆ ಇಟ್ಟು, ಬರೋಬ್ಬರಿ ಅರ್ಧ ಸುತ್ತು ತಿರುವುವಳು. ಸಂತೆಯಲ್ಲಿ ಕಾಯಿಪಲ್ಲೆಯವಳು ತೂಕ ಮುಗಿದ ಮೇಲೆ ಒಂದು ಹಿಡಿ ಮೆಣಸಿನಕಾಯಿ ಉಡಿಗೆ ಹಾಕುತ್ತಾಳಲ್ಲ, ಹಾಗೆ.

"ಇದು ಕೊಸರು" ಅನ್ನುತ್ತಿದ್ದಳು. "ಅಳತಿ ಎಲ್ಲಾರೂ ಕೊಡ್ತಾರ. ಕೊಸರು ಕೊಟ್ಟಾಕಿನ್ನ ಮಂದಿ ನೆನೆಸ್ತಾರ."

ಹೆಂಗಸರೂ ನೆನೆಸುತ್ತಿದ್ದರು. ಅನ್ನದಾನಮ್ಮನ ಕೈಯಿಂದ ಬಂದ ಸ್ಟೌ ಭರ್ರನೆ ಉರಿಯುತ್ತದೆ, ಎಸರು ಬೇಗ ಕುದಿಯುತ್ತದೆ ಎಂಬ ಮಾತು ಕೂಡ್ಲಿಗಿಯ ತನಕ ಹೋಗಿತ್ತು. ಹರಪನಹಳ್ಳಿಯಲ್ಲಿರುವ ಮಗಳು ಗ್ಯಾಸ್ ಒಲೆ ತಂದಾಗ ಅನ್ನದಾನಮ್ಮ ಹೋಗಿ ನೋಡಿ ಬಂದಿದ್ದಳು. "ನೀಲಿ ಜ್ವಾಲಿ, ಚಂದ ಐತಿ. ಆದ್ರ ಬಾಯೇ ಇಲ್ಲ ಅದಕ್ಕ. ಮೂಗಬಸವಿ ಇದ್ದಂಗ ಐತಿ" ಅಂತ ಅದರ ಸುದ್ದಿ ಮುಗಿಸಿದ್ದಳು.

ಎರಡು ಸಾವಿರದ ಎರಡನೇ ಇಸವಿಯ ಏಪ್ರಿಲಿನಲ್ಲಿ ಊರಿಗೆ ವಿಮಾನ ಬಂತು. ಕೆರೆ ಒಣಗಿ ಅಂಗಳ ಗಟ್ಟಿಯಾಗಿತ್ತು, ಅಲ್ಲೇ ಇಳಿಯಿತು. ಸುತ್ತಲಿನ ತಾಲ್ಲೂಕುಗಳ ಕೆರೆಗಳಲ್ಲಿ ಎಷ್ಟು ಹೂಳು ತುಂಬಿದೆ ಅಂತ ಮೇಲಿನಿಂದ ಫೋಟೋ ಹೊಡೆದು ನಕ್ಷೆ ಮಾಡುವ ಕೆಲಸವಂತೆ. ಮಳೆ ಬಿದ್ದು ಕೆರೆ ತುಂಬುವುದರೊಳಗೆ ಮುಗಿಯಬೇಕು. ಹೈದರಾಬಾದಿನ ಕಂಪನಿಯವರು ಇಬ್ಬರು: ಹಾರಿಸುವ ಕ್ಯಾಪ್ಟನ್, ಯಂತ್ರ ನೋಡಿಕೊಳ್ಳುವ ಗುರುಬಸವರಾಜ. ಇಬ್ಬರೂ ವಿಮಾನದಲ್ಲೇ ಹೋಗುವುದು. ಗುರುಬಸವರಾಜನಿಗೆ ಫೋಟೋ ತೆಗೆಯುವ ಕೆಲಸವೂ ಇತ್ತು.

ಮೊದಲ ದಿನ ಶಾಲೆಗಳು ತಾವಾಗಿಯೇ ಬಿಟ್ಟವು. ಎರಡನೇ ದಿನ ಕೆರೆ ಏರಿಯ ಮೇಲೆ ಚಹಾದಂಗಡಿ ಎದ್ದಿತು. ಮೂರನೇ ದಿನದಿಂದ ಮಾಳಿಗೆಯ ಮೇಲೆ ಸಂಡಿಗೆ ಇಡುವ ಹೆಂಗಸರು, "ಹಡಗಲಿಗೆ ಹೋತು", "ಹಲವಾಗಲ ಕಡಿಗೆ ಹೊಳಿ ದಂಡಿಗೆ ಹೋತು" ಅಂತ ಬಸ್ಸಿನ ಸುದ್ದಿ ಹೇಳುವ ಹಾಗೆ ಮಾತಾಡತೊಡಗಿದರು. ಆರನೇ ದಿನ ವಿಮಾನ ಕೆಮ್ಮಿತು. ಸಂಡಿಗೆಯವರೆಲ್ಲ ತಲೆಯೆತ್ತಿದರು. ಮೇಲೆ ಎರಡು ಸಲ ಗಂಟಲು ಸರಿಮಾಡಿಕೊಂಡ ಹಾಗೆ ಸದ್ದಾಗಿ, ವಿಮಾನ ಹೇಗೋ ಕೆರೆಯಂಗಳಕ್ಕೆ ಇಳಿಯಿತು.

ಮರುದಿನ ಮಧ್ಯಾಹ್ನ ಅನ್ನದಾನಮ್ಮನ ಕಟ್ಟೆಯ ಮುಂದೆ ಗುರುಬಸವರಾಜ ಬಂದು ನಿಂತ. ಮೂವತ್ತರ ಆಸುಪಾಸಿನ ಹುಡುಗ, ಉಗುರಿನ ಸಂದಿಯಲ್ಲೆಲ್ಲ ಕರಿ ಎಣ್ಣೆ.

"ಅಮ್ಮಾ, ಗುರ್ತು ಸಿಕ್ತೇನ್ರಿ? ಕಾಲೇಜಿಗಿದ್ದಾಗ ತೇರುಬೀದಿ ರೂಮಿನ್ಯಾಗ ಇದ್ದೆ. ವಾರಕ್ಕೊಮ್ಮಿ ಸ್ಟೌ ತರ್ತಿದ್ದೆ."

ಅನ್ನದಾನಮ್ಮ ಕಣ್ಣು ಕಿರಿದು ಮಾಡಿ ನೋಡಿದಳು. "ಹಾಲು ಉಕ್ಕಿಸಿ ಬರ್ನರ್ ಹಾಳು ಮಾಡ್ತಿದ್ದ ಹಡಗಲಿ ಹುಡುಗ ನೀನಲ್ಲೇನೋ!"

"ಹೌದ್ರಿ, ನಾನ" ಅಂತ ಅವನು ನಾಚಿಕೊಂಡ. ಜೇಬಿನಿಂದ ಬಟ್ಟೆಯ ಗಂಟು ತೆಗೆದು ಬಿಚ್ಚಿದ. ಒಳಗೆ ಹಿತ್ತಾಳೆಯ ನಾಲ್ಕು ಪುಟ್ಟ ನಾಝಲ್. ಒಂದೊಂದೂ ಕಿರುಬೆರಳಿನ ತುದಿಯಷ್ಟು.

"ಇವು ಇಮಾನದ್ದು. ಇಂಜಿನ್ನಿಗೆ ನಾಕು ಸಿಲಿಂಡರ್, ಒಂದೊಂದಕ್ಕ ಒಂದೊಂದು. ಇದರ ತೂತಿನ್ಯಾಗಿಂದ ಪೆಟ್ರೋಲ್ ಹೋಗೋದು. ಒಳಗ ಮೇಣದಂಥಾ ಕೊಳಿ ಕಟ್ಟೈತಿ. ರಾತ್ರೆಲ್ಲ ಪೇಂಟ್ ಅಂಗಡಿ ಥಿನ್ನರಿನ್ಯಾಗ ನೆನಿ ಹಾಕೀನಿ. ಆದ್ರೂ ಪೂರಾ ಬಿಟ್ಟಿಲ್ಲ. ಹೊಸಾವು ಹೈದರಾಬಾದಿಂದ ಬರೋತನಕ ಮಳಿ ಕಾಯಂಗಿಲ್ಲ. ನಿಮ್ಮ ಕೂದಲು ಬೇಕು, ನಿಮ್ಮ ಕಣ್ಣು ಬೇಕು."

ಅನ್ನದಾನಮ್ಮ ಒಂದನ್ನು ಅಂಗೈಯಲ್ಲಿಟ್ಟು ಹೊರಳಿಸಿದಳು. "ಅಯ್ಯ, ಇಷ್ಟೇನಾ! ಇಷ್ಟು ದೊಡ್ಡ ಇಮಾನ, ನಮ್ಮ ಸ್ಟೌವಿನಂಗ ಇದರ ಮ್ಯಾಲೆ ಹಾರ್ತೈತೇನು?"

"ಇದರ ಮ್ಯಾಲೇ ಹಾರ್ತೈತಿ. ಅದಕ್ಕ ಒಂದು ಮಾತು ನೆನಪಿಡ್ರಿ ಅಮ್ಮಾ. ಇದಕ್ಕ ಲೋಹ ಮುಟ್ಟಿಸಂಗಿಲ್ಲ. ಪಿನ್ನು, ಸೂಜಿ, ತಂತಿ ಯಾವುದೂ ಬ್ಯಾಡ. ಕೂದಲು, ಗಾಳಿ, ಅಷ್ಟ."

"ಆತು ಬಿಡಪಾ, ಹಸುಗೂಸಿನ ಕಿವಿ ತೊಳದಂಗ ತೊಳಿಯೂನಂತ."

ಸುದ್ದಿ ಹಬ್ಬಲು ಎಷ್ಟು ಹೊತ್ತು ಬೇಕು? ಓಣಿಯ ಅರ್ಧ ಜನ ಕಟ್ಟೆಯ ಮುಂದೆ ಕೂಡಿದರು. ಬಸ್‌ಸ್ಟ್ಯಾಂಡ್ ರಸ್ತೆಯಲ್ಲಿ ಡೀಸೆಲ್ ಪಂಪ್ ರಿಪೇರಿ ಅಂಗಡಿ ಇಟ್ಟಿದ್ದ ಮೌನೇಶನೂ ಸ್ಕೂಟರ್ ನಿಲ್ಲಿಸಿ ನಿಂತ. ಹೆಸರಿಗಷ್ಟೇ ಮೌನ. ವಿಮಾನದ ನಾಝಲ್ ತನ್ನ ಅಂಗಡಿ ಬಿಟ್ಟು ಸೀದಾ ಈ ಕಟ್ಟೆಗೆ ಬಂದದ್ದು ಅವನಿಗೆ ತಡೆಯಲಿಲ್ಲ.

"ಏನಮ್ಮಾ, ಇನ್ನ ಇಮಾನಕ್ಕೂ ಬತ್ತಿ ಹಾಕೋದೇನು?"

"ಹಾಕ್ತೀನಪಾ. ನಿನ್ನ ಡೀಸೆಲ್ ಪಂಪಿಗೆ ಬೇಕಾದ್ರೂ ಹೇಳು, ಎರಡ ಉಳಿಸಿರ್ತೀನಿ."

ಕೂಡಿದವರು ನಕ್ಕರು. ಅನ್ನದಾನಮ್ಮ ನಾಲ್ಕು ನಾಝಲ್ಲಿಗೂ ಅದಲುಬದಲಾಗದ ಹಾಗೆ ಕೆಂಪು, ಹಳದಿ, ಹಸಿರು, ಬಿಳಿ ದಾರ ಕಟ್ಟಿದಳು. ಗುರುಬಸವರಾಜ ಎದುರಿಗೇ ಕೂತು ನೋಡಿದ. ಕೆಂಪು ದಾರದ್ದು ಕೂದಲಿಗೆ ಒಗ್ಗಿತು. ಹಳದಿ ಎರಡು ಸಲ ಗಾಳಿ ಕುಡಿದ ಮೇಲೆ ಬಾಯಿ ಬಿಟ್ಟಿತು. ಹಸಿರಿನದಕ್ಕೆ ಮೂರು ಕೂದಲು ಬೇಕಾದವು. ಒಂದೊಂದನ್ನೂ ಅವಳು ಸೂರ್ಯನ ಕಡೆಗೆ ಹಿಡಿದಾಗ ಗಂಗಾಂಬಿಕಾ ತಾನೂ ಪಕ್ಕದಲ್ಲಿ ನಿಂತು ಎರಡೂ ಕಣ್ಣು ಮುಚ್ಚಿಕೊಂಡು, "ದುಂಡಗ ಐತಿ" ಅಂತ ತೀರ್ಪು ಕೊಡುತ್ತಿತ್ತು.

ಉಳಿದದ್ದು ಬಿಳಿ ದಾರದ್ದು. ಅದು ಮೊಂಡು. ಅಷ್ಟರಲ್ಲಿ ಎಸ್‌ಟಿಡಿ ಬೂತಿನ ಹುಡುಗ ಬಂದು ಹೈದರಾಬಾದಿನಿಂದ ಫೋನು ಕಾಯುತ್ತಿದೆ ಅಂದ. "ಇದೊಂದು ನೋಡ್ತಿರ್ರಿ ಅಮ್ಮಾ, ಬಂದೆ" ಅಂತ ಗುರುಬಸವರಾಜ ಎದ್ದುಹೋದ.

ಮಗಳನ್ನು ಊಟಕ್ಕೆ ಎಳೆದೊಯ್ಯಲು ಸುಕನ್ಯಾ ಓಣಿ ದಾಟಿದ್ದು ಆಗಲೇ. ಅವಳು ಕಟ್ಟೆಯ ಹತ್ತಿರ ಬರುವಷ್ಟರಲ್ಲಿ ಬಿಳಿ ದಾರದ ನಾಝಲ್ ಬಾಯಿ ಬಿಟ್ಟಿತ್ತು. ಅನ್ನದಾನಮ್ಮ ಅದನ್ನು ಸೂರ್ಯನಿಗೆ ಹಿಡಿದು, "ನೋಡಿದ್ಯಾ, ಬಂತು" ಅಂತ ತನಗೆ ತಾನೇ ಅಂದುಕೊಂಡಳು. ಮುಖದ ತುಂಬ ಬೆಳಕು. ಆಮೇಲೆ ಅವಳ ಬಲಗೈ ತುರುಬಿಗೆ ಹೋಯಿತು, ಪಿನ್ ತೆಗೆಯಿತು, ತೂತಿಗಿಟ್ಟು ಅರ್ಧ ಸುತ್ತು ತಿರುವಿತು. ಪಿನ್ ಮರಳಿ ತುರುಬು ಸೇರಿತು. ಒಂದು ಸಲ ರೆಪ್ಪೆ ಬಡಿಯುವಷ್ಟರಲ್ಲಿ ಎಲ್ಲ ಮುಗಿದಿತ್ತು; ಕೂಡಿದವರು ತಮ್ಮ ತಮ್ಮ ಹರಟೆಯಲ್ಲಿದ್ದರು.

ಆಮೇಲೆ ಅನ್ನದಾನಮ್ಮ ಗಪ್ಪನೆ ನಿಂತಳು. ತನ್ನ ಕೈಯನ್ನೇ ನೋಡಿಕೊಂಡಳು. ತಲೆಯೆತ್ತಿದಾಗ ಎದುರಿಗೆ ಸುಕನ್ಯಾ ಇದ್ದಳು.

ಗುರುಬಸವರಾಜ ಬಂದವನೇ ನಾಲ್ಕನ್ನೂ ಬೆಳಕಿಗೆ ಹಿಡಿದು ನೋಡಿದ. ಅವನ ಮುಖ ಅರಳಿತು. "ಹೈದರಾಬಾದಿನ್ಯಾಗೂ ಇಷ್ಟು ಚಂದ ತೊಳ್ಯಂಗಿಲ್ರಿ ಅಮ್ಮಾ. ಪಿನ್ನೇನೂ ಮುಟ್ಟಿಸಿಲ್ಲಲ್ಲ?"

ಸುತ್ತ ಓಣಿಯ ಜನ. ಸ್ಕೂಟರಿನ ಮೇಲೆ ಒಂದು ಕಾಲೂರಿ ಮೌನೇಶ.

"ಇಲ್ಲಪಾ" ಅಂದಳು ಅನ್ನದಾನಮ್ಮ.

ಸಂಜೆ ಕೆರೆಯ ಕಡೆಯಿಂದ ಇಂಜಿನ್ನಿನ ಸದ್ದು ಕೇಳಿಸಿತು, ಕೆಮ್ಮಿಲ್ಲದೆ, ಒಂದೇ ಸಮನೆ. ಓಣಿಯವರು ಅನ್ನದಾನಮ್ಮನ ಕಡೆ ನೋಡಿ ಹುಬ್ಬು ಹಾರಿಸಿದರು. ನಾಳೆ ಬೆಳಿಗ್ಗೆ ಏಳೂವರೆಗೆ ವಿಮಾನ ಮತ್ತೆ ಏಳುತ್ತದೆ, ಹಲವಾಗಲು ಕಡೆಗೆ ಹೊಳೆಯ ಮೇಲೆ ಹೋಗುತ್ತದೆ ಅಂತ ಸುದ್ದಿ ಬಂತು. ಅನ್ನದಾನಮ್ಮ ಅಂದು ದೀಪ ಹಚ್ಚುವ ಮೊದಲೇ ಸ್ಟೌಗಳನ್ನು ಒಳಗೆ ಸರಿಸಿ ಬಾಗಿಲು ಹಾಕಿಕೊಂಡಳು.

ಬೆಳಿಗ್ಗೆ ಸುಕನ್ಯಾ ಮಗಳಿಗೆ ಜಡೆ ಹಾಕುತ್ತಿದ್ದಾಗ ಹಿತ್ತಿಲ ಬಾಗಿಲಿನಿಂದ ಅನ್ನದಾನಮ್ಮ ಬಂದಳು. ಒರಳಿನ ಪಕ್ಕ ಕೂತಳು. ಕೊಟ್ಟ ಚಹಾವನ್ನು ಕೈಯಲ್ಲಿ ಹಿಡಿದಳೇ ಹೊರತು ಕುಡಿಯಲಿಲ್ಲ.

"ತಂಗೀ, ನಿನ್ನಿ ಆ ಹುಡುಗ ಕೇಳಿದ್ದಕ್ಕ ಇಲ್ಲ ಅಂದೆ. ಹಾಕಿದ್ದೆ."

"ನಾನು ನೋಡೀನಿ ದೊಡ್ಡಮ್ಮಾ."

"ನೋಡೀನೂ ಸುಮ್ನಿದ್ಯೇನ?"

"ನೀವು ಸುಮ್ನಿದ್ರಿ, ನಾನೂ ಸುಮ್ನಿದ್ದೆ. ಅರ್ಧ ಸುತ್ತಿಗೆ ಏನಾಗ್ತೈತಿ ಅಂದ್ಕೊಂಡೆ." ಹೇಳುತ್ತಿದ್ದ ಹಾಗೆ ತನ್ನ ಮಾತೇ ಸುಕನ್ಯಾಳಿಗೆ ಅಸಡ್ಡೆಯಾಗಿ ಕೇಳಿಸಿತು.

"ನಾನೂ ರಾತ್ರೆಲ್ಲ ಹಂಗ ಅಂದ್ಕೊಂಡೆ. ಏನಾಗ್ತೈತಿ, ಏನಾಗ್ತೈತಿ ಅಂತ. ಏನಾಗ್ತೈತಿ ಅಂತ ನನಗೂ ಗೊತ್ತಿಲ್ಲ, ನಿನಗೂ ಗೊತ್ತಿಲ್ಲ. ಗೊತ್ತಿದ್ದವ ಅದರಾಗ ಕೂತು ಹೊಳಿ ಮ್ಯಾಲೆ ಹೊಂಟಾನ. ಅವನ್ನ ಹೆತ್ತಾಕಿ ಹಡಗಲ್ಯಾಗ ಅದಾಳ." ಅನ್ನದಾನಮ್ಮ ಲೋಟ ಕೆಳಗಿಟ್ಟಳು. "ಹೇಳಿದ್ರ ಹದಿನೇಳು ವರ್ಷದ ಹೆಸರು ಹೋಗ್ತೈತಿ. ಹೇಳ್ದಿದ್ರ..."

ಗೋಡೆಯ ಗಡಿಯಾರದಲ್ಲಿ ಏಳು ಹೊಡೆದು ಹತ್ತು ನಿಮಿಷವಾಗಿತ್ತು. ಸುಕನ್ಯಾ ಅರ್ಧ ಹಾಕಿದ ಜಡೆಯನ್ನು ಹಾಗೆಯೇ ರಬ್ಬರಿನಿಂದ ಕಟ್ಟಿ ಎದ್ದಳು. "ನಡೀರಿ. ದಾರ್ಯಾಗ ಯೋಚ್ನಿ ಮಾಡಿದ್ರಾತು."

ಕೆರೆ ಎರಡು ಮೈಲಿ. ಆ ಹೊತ್ತಿನಲ್ಲಿ ಓಣಿಯ ಬಾಯಲ್ಲಿ ಆಟೋ ಇರಲಿಲ್ಲ. ಇದ್ದದ್ದು ಅಂಗಡಿಗೆ ಹೊರಟ ಮೌನೇಶನ ಸ್ಕೂಟರು.

"ಮೌನೇಶಣ್ಣಾ, ಕೆರಿ ತನಕ ಬಿಡ್ರಿ. ಅವಸರ ಐತಿ" ಅಂದಳು ಸುಕನ್ಯಾ.

"ಏನವಸರ? ಇಮಾನದಾಗ ಅಮ್ಮನಿಗೆ ಕಿಟಕಿ ಸೀಟು ಹಿಡದಾರೇನು?" ಅಂದರೂ ಅವನು ಮುಂದಕ್ಕೆ ಸರಿದು ಜಾಗ ಮಾಡಿದ. ಮುಂದೆ ನಿಂತ ಗಂಗಾಂಬಿಕಾ, ಸೀಟಿನ ಮೇಲೆ ಮೌನೇಶ, ಅವನ ಹಿಂದೆ ಸುಕನ್ಯಾ, ಕಡೆಗೆ ಅರ್ಧ ಸೀಟಿನ ಮೇಲೂ ಅರ್ಧ ಗಾಳಿಯಲ್ಲೂ ಅನ್ನದಾನಮ್ಮ. ಅವಳು ಈ ಜನ್ಮದಲ್ಲಿ ಸ್ಕೂಟರ್ ಹತ್ತಿದವಳಲ್ಲ. ಸುಕನ್ಯಾಳ ಸೊಂಟವನ್ನು ತೊಟ್ಟಿಲ ಹಗ್ಗದ ಹಾಗೆ ಹಿಡಿದುಕೊಂಡಳು.

ರೈಲ್ವೆ ಗೇಟು ದಾಟಿದ ಮೇಲೆ ಹಿಂದಿನಿಂದ ಅವಳ ದನಿ ಬಂತು. "ಮೌನೇಶಾ, ಯಾಕ ಹೊಂಟೀವಿ ಅಂತ ಹೇಳ್ತೀನಿ. ನಿನಗ ಖುಷಿ ಆಗ್ತೈತಿ. ನಿನ್ನಿ ನಾನು ಅದಕ್ಕ ಪಿನ್ ಹಾಕಿದ್ದೆ."

ಸ್ಕೂಟರ್ ಒಂದು ಸಲ ತೊನೆಯಿತು. ಸುಕನ್ಯಾ ಚುಚ್ಚುಮಾತಿಗೆ ಕಾದಳು. ಬರಲಿಲ್ಲ. ಮೌನೇಶ ಗೇರು ಬದಲಿಸಿ, "ಗಟ್ಟಿ ಹಿಡ್ಕೋರಿ" ಅಂದವನೇ ಗಾಡಿ ಓಡಿಸಿದ ಓಟಕ್ಕೆ ಗಂಗಾಂಬಿಕಾ ಮಾತ್ರ ಕೇಕೆ ಹಾಕಿತು.

ಕೆರೆ ಏರಿ ಹತ್ತಿದಾಗ ವಿಮಾನದ ಮುಂದಿನ ರೆಕ್ಕೆ ತಿರುಗುತ್ತಿತ್ತು. ಗುರುಬಸವರಾಜ ಕೆಳಗೆ ನಿಂತು ಚಕ್ರಕ್ಕೆ ಕೊಟ್ಟ ಕಲ್ಲು ತೆಗೆಯುತ್ತಿದ್ದ. ಅನ್ನದಾನಮ್ಮ ಸ್ಕೂಟರಿನಿಂದ ಇಳಿದದ್ದೋ ಬಿದ್ದದ್ದೋ, ಸೆರಗು ಸೊಂಟಕ್ಕೆ ಸಿಕ್ಕಿಸಿ ಕೆರೆಯಂಗಳಕ್ಕೆ ಓಡಿದಳು. ಅರವತ್ತರ ಹತ್ತಿರದ ಹೆಂಗಸು ತಿರುಗುವ ರೆಕ್ಕೆಯ ಕಡೆಗೇ ಬರುವುದನ್ನು ಕಂಡು ಗುರುಬಸವರಾಜ ಎರಡೂ ಕೈ ಮೇಲೆತ್ತಿ ಕೂಗಿದ. ಕ್ಯಾಪ್ಟನ್ ಇಂಜಿನ್ ಆರಿಸಿದರು. ಆ ಸದ್ದು ನಿಂತ ಮೇಲೆ ಕೆರೆಯಂಗಳದಲ್ಲಿ ಎಲ್ಲರಿಗೂ ಎಲ್ಲವೂ ಕೇಳಿಸುವಂತಾಯಿತು.

"ತಮ್ಮಾ, ಸುಳ್ಳು ಹೇಳಿದ್ನೆಪಾ. ಬಿಳಿ ದಾರದ್ದಕ್ಕ ಪಿನ್ ಹಾಕೀನಿ. ಅರ್ಧ ಸುತ್ತು."

ಗುರುಬಸವರಾಜ ತೆಗೆದ ಕಲ್ಲನ್ನು ಮತ್ತೆ ಚಕ್ರಕ್ಕೆ ಕೊಟ್ಟ. ಆಮೇಲೆ ಕೇಳಿದ, "ಯಾಕ್ರೀ ಅಮ್ಮಾ? ಕಟ್ಟಿತ್ತೇನು?"

"ಇಲ್ಲ, ಬಾಯಿ ಬಿಟ್ಟಿತ್ತು. ಕೊಸರು ಕೊಟ್ಟೆ. ನಮ್ಮೂರಾಗ ಓದಿದ ಹುಡುಗ, ಸ್ವಲ್ಪ ಹೆಚ್ಚಿಗೇ ಸಿಗ್ಲಿ ಅಂತ... ಅಲ್ಲ, ಅದೂ ಸುಳ್ಳು. ಏನೂ ಅನ್ಕೊಳ್ಳಿಲ್ಲ. ಕೈ ತಾನ ಮಾಡಿಬಿಡ್ತು."

ಕ್ಯಾಪ್ಟನ್‌ಗೆ ಕನ್ನಡ ಬರುತ್ತಿರಲಿಲ್ಲ. ಗುರುಬಸವರಾಜ ಹಿಂದಿಯಲ್ಲಿ ಹೇಳಿದ. ಅವರು ಸೀಟಿನಿಂದ ಇಳಿದು, ಟೋಪಿ ತೆಗೆದು ಒಳಗಿಟ್ಟರು. ಇವತ್ತು ಹಾರುವುದಿಲ್ಲ ಅನ್ನುವುದು ಅಷ್ಟರಿಂದಲೇ ಎಲ್ಲರಿಗೂ ತಿಳಿಯಿತು.

"ಒಂದೇ ಅಳತಿ ನಾಕು ಗ್ಲಾಸು ಬೇಕು" ಅಂದ ಗುರುಬಸವರಾಜ. ಮೌನೇಶ ಏರಿ ಹತ್ತಿ ಚಹಾದಂಗಡಿಯಿಂದ ನಾಲ್ಕು ಗಾಜಿನ ಗ್ಲಾಸು ತಂದ. ಅಂಗಡಿಯವನು ಹಿಂದೆಯೇ, "ಲೇ, ಪೆಟ್ರೋಲ್ ವಾಸ್ನಿ ಹತ್ತಿದ್ರ ಚಾ ಯಾರು ಕುಡೀತಾರಲೇ!" ಅಂತ ಕೂಗುತ್ತ ಬಂದ. ಬಂದವನು ತಾನೂ ನೋಡುತ್ತ ನಿಂತ.

ಇಂಜಿನ್ನಿನ ಮುಚ್ಚಳ ಬಿಚ್ಚಿ, ನಾಲ್ಕು ನಾಝಲ್ಲುಗಳನ್ನೂ ಕೊಳವೆಯ ಸಮೇತ ಹೊರಗೆ ಬಾಗಿಸಿ, ಒಂದೊಂದರ ಕೆಳಗೆ ಒಂದೊಂದು ಗ್ಲಾಸು ಹಿಡಿಸಿದರು. ಒಂದನ್ನು ಮೌನೇಶ, ಒಂದನ್ನು ಸುಕನ್ಯಾ, ಒಂದನ್ನು ಚಹಾದವನು. ಬಿಳಿ ದಾರ ಕಟ್ಟಿದ್ದ ನಾಝಲ್ಲಿನ ಕೆಳಗಿನ ಗ್ಲಾಸನ್ನು ಅನ್ನದಾನಮ್ಮ ತಾನೇ ಕೇಳಿ ಹಿಡಿದುಕೊಂಡಳು. ಕ್ಯಾಪ್ಟನ್ ಒಳಗಿನಿಂದ ಪೆಟ್ರೋಲಿನ ಪಂಪು ಚಾಲು ಮಾಡಿದರು. ಸಣ್ಣ ಎಳೆಯಾಗಿ ನಾಲ್ಕರಿಂದಲೂ ಬಿತ್ತು. ನಿಲ್ಲಿಸಿದ ಮೇಲೆ ಗ್ಲಾಸುಗಳನ್ನು ಸ್ಕೂಟರಿನ ಸೀಟಿನ ಮೇಲೆ ಸಾಲಾಗಿ ಇಟ್ಟರು.

ಮೂರರಲ್ಲಿ ಒಂದೇ ಮಟ್ಟ. ನಾಲ್ಕನೆಯದರಲ್ಲಿ ಅಡ್ಡ ಬೆರಳಿನಷ್ಟು ಹೆಚ್ಚು.

"ಅಜ್ಜೀದು ಗೆದ್ದಿತು!" ಅಂದಿತು ಗಂಗಾಂಬಿಕಾ. ಸುಕನ್ಯಾ ಮೆಲ್ಲನೆ ಅದರ ಬಾಯಿ ಮುಚ್ಚಿದಳು.

ಅನ್ನದಾನಮ್ಮ ಗ್ಲಾಸಿನ ಮುಂದೆ ಕುಕ್ಕರಗಾಲಲ್ಲಿ ಕೂತು ಆ ಬೆರಳಷ್ಟನ್ನು ನೋಡಿದಳು. "ಇಷ್ಟಕ್ಕ ಏನಾಗ್ತಿತ್ತಪಾ? ನೆಟ್ಟಗ ಹೇಳು."

ಗುರುಬಸವರಾಜನೂ ಅವಳ ಪಕ್ಕ ಕೂತ. "ಪಿನ್ನಿಗೆ ತೂತು ಕೂದಲೆಳಿಯಷ್ಟು ಅಗಲ ಆಗೈತಿ. ನಾಕಕ್ಕೂ ಸಮ ಸಿಕ್ರ ಇಂಜಿನ್ ಒಂದೇ ಉಸಿರಿನ್ಯಾಗ ಓಡ್ತೈತಿ. ಒಂದಕ್ಕ ಹೆಚ್ಚಾದ್ರ ಅದು ಪೂರಾ ಉರಿಯಂಗಿಲ್ಲ, ಮಸಿ ಕಟ್ತೈತಿ. ಮಸಿ ಕಟ್ಟಿದ್ರ ಆ ಸಿಲಿಂಡರ್ ಕೆಮ್ತೈತಿ, ಜೋರು ಕಮ್ಮಿ ಆಗ್ತೈತಿ. ಇಲ್ಲೇ ಕೆಮ್ಮಿದ್ರ ಇಳೀತಿದ್ವಿ. ಹೊಳಿ ಮ್ಯಾಲೆ ಕೆಮ್ಮಿದ್ರ..." ಅವನು ಹೊಳೆಯ ದಿಕ್ಕಿಗೊಮ್ಮೆ ನೋಡಿದ. "ತಪ್ಪು ನಂದೂ ಐತ್ರಿ. ನಿನ್ನೇನ ಹಿಂಗ ಗ್ಲಾಸು ಹಿಡಿದು ನೋಡಬೇಕಿತ್ತು. ನಿಮ್ಮ ಕೈ ಅಂತ ನಂಬಿ ಬಿಟ್ಟೆ."

ಬೈದಿದ್ದರೆ ಅನ್ನದಾನಮ್ಮ ತಡೆದುಕೊಳ್ಳುತ್ತಿದ್ದಳೇನೋ. ಈ ಮಾತಿಗೆ ಅವಳು ಮುಖದ ಮೇಲೆ ಸೆರಗು ಎಳೆದುಕೊಂಡಳು. ಕ್ಯಾಪ್ಟನ್ ಬಂದು ಆ ಗ್ಲಾಸನ್ನೆತ್ತಿ ಬೆಳಕಿಗೆ ಹಿಡಿದು ನೋಡಿ, ಗುರುಬಸವರಾಜನಿಗೆ ಹಿಂದಿಯಲ್ಲಿ ಏನೋ ಅಂದರು.

"ಏನಂತಾರ?"

"ಅಮ್ಮನಿಗೆ ಚಾ ಕುಡಿಸು ಅಂತಾರ. ಬ್ಯಾರೆ ಗ್ಲಾಸಿನ್ಯಾಗ."

ಕೂಡಿದ ಜನ ಉಸಿರು ಬಿಟ್ಟು ನಕ್ಕರು. ಸೆರಗಿನೊಳಗಿನಿಂದ ಅನ್ನದಾನಮ್ಮನದೂ ಒಂದು ಹಸಿ ನಗು ಕೇಳಿಸಿತು.

ಹೊಸ ನಾಝಲ್ ಹೈದರಾಬಾದಿನಿಂದ ಬರಲು ಮೂರು ದಿನ ಹಿಡಿಯಿತು. ಆ ಮೂರು ದಿನ ಓಣಿ ಬಾಯಿಗೆ ಕೆಲಸ ಕೊಟ್ಟಿತು. "ಅಮ್ಮಾ, ನನ್ನ ಸ್ಟೌವಿಗೆ ಕೊಸರು ಬ್ಯಾಡ, ನಾನು ಹಾರಿ ಹೋದೇನು" ಅನ್ನುವವರು. "ಈ ಕಟ್ಟಿ ಮುಂದ ಹಾಯಬ್ಯಾಡ್ರಿ, ಮೂಗಿಗೆ ಪಿನ್ ಹಾಕ್ಯಾಳು" ಅನ್ನುವವರು. ಎಲ್ಲರಿಗಿಂತ ಹೆಚ್ಚು ಆಡಿಕೊಳ್ಳಬೇಕಿದ್ದ ಮೌನೇಶ ಮಾತ್ರ ಅಂಥವರಿಗೆ, "ತಪ್ಪು ಮಾಡಿ ಇಂಜಿನ್ ಮುಂದ ಹೋಗಿ ನಿಂದರ್ರಿ ನೋಡೋಣು, ನಿಮ್ಮ ಕಾಲು ನಡಗ್ತಾವೋ ಇಲ್ಲೋ" ಅನ್ನುತ್ತಿದ್ದನಂತೆ. ಎದುರಿಗೆ ಬಂದಾಗ ಅವನದೂ ಹಳೇ ರಾಗವೇ: "ಎರಡು ಬತ್ತಿ ಉಳಿಸಿದೀ ಇಲ್ಲೋ?"

ನಾಲ್ಕನೇ ದಿನ ಬೆಳಿಗ್ಗೆ ವಿಮಾನ ಎದ್ದಿತು. ಓಣಿಯ ಮೇಲೆ ಒಂದು ಸುತ್ತು ಹಾಕಿ ಹೊಳೆಯ ಕಡೆಗೆ ಹೋಯಿತು. ಅನ್ನದಾನಮ್ಮ ಕಟ್ಟೆಯ ಮೇಲೆ ನಿಂತು, ಸದ್ದು ಕರಗುವ ತನಕ ಕಿವಿಗೊಟ್ಟಳು. ಹೊತ್ತು ಮಾರು ಏರಿದ ಮೇಲೆ ಅದು ಮರಳಿ ಬಂದ ಸದ್ದೂ ಕೇಳಿಸಿತು. ಆಗ ಒಳಗೆ ಹೋಗಿ, ಮೂರು ದಿನದಿಂದ ಸರಿಯಾಗಿ ಉಣ್ಣದವಳು ಎರಡು ರೊಟ್ಟಿ ತಿಂದಳು. ಸುಕನ್ಯಾ ಪಲ್ಯ ಕೊಟ್ಟು ಬರಲು ಹೋದದ್ದರಿಂದ ಇದು ಗೊತ್ತಾಯಿತು.

ಆದರೂ ಅವಳು ಹಗುರಾದ ಹಾಗೆ ಕಾಣಲಿಲ್ಲ. ಪಿನ್ನುಗಳು ತುರುಬಿನಲ್ಲಿರಲಿಲ್ಲ. ಪಾಳಿ ಹಚ್ಚಿದ್ದ ಸ್ಟೌಗಳಲ್ಲಿ ಒಂದನ್ನು ಹಚ್ಚಿ, ಅದರ ಮೇಲೆ ಬೆಳಗಿದ ತಟ್ಟೆ ಹಿಡಿದು, ತಟ್ಟೆಯ ತಳವನ್ನು ತಿರುವಿ ತಿರುವಿ ನೋಡುತ್ತಿದ್ದಳು. ತಳ ಕರ್ರಗಾಗಿತ್ತು.

"ತಂಗೀ, ಕೂಡು" ಅಂದಳು. "ಆ ಹುಡುಗ ಮಸಿ ಅಂದ ನೋಡು, ಆವಾಗಿಂದ ನನ್ನ ತಲ್ಯಾಗ ಒಂದ ಹುಳ ಹೊಕ್ಕೈತಿ. ಎಷ್ಟು ಮಂದಿ ಹೆಣಮಕ್ಳು ಬಂದು ಹೇಳ್ಯಾರ, ಅಮ್ಮಾ ಜ್ವಾಲಿ ಜೋರೈತಿ, ಆದ್ರ ಪಾತ್ರಿ ಕರೇ ಹಿಡೀತಾವು, ತಿಂಗಳ ಎಣ್ಣಿ ಇಪ್ಪತ್ತು ದಿನಕ್ಕ ತೀರ್ತೈತಿ ಅಂತ. ನಾನು ರೇಷನ್ ಅಂಗಡಿಯವನ್ನ ಬೈದು ಕಳಿಸೀನಿ. ಎಣ್ಯಾಗ ಕಲಬೆರಕಿ ಮಾಡ್ಯಾನ, ಅವನ ಕೈ ಸೇದ್ಲಿ ಅಂತ. ಆ ಮಸಿ ನನ್ನ ಕೊಸರಿನ್ದು ಅಲ್ಲೇನ?"

ಸುಕನ್ಯಾಳಿಗೆ ತನ್ನ ಮನೆಯ ಅನ್ನದ ತಪ್ಪಲೆ ನೆನಪಾಯಿತು. ದಿನಾ ಬೂದಿ ಹಚ್ಚಿ ತಿಕ್ಕಿ ತಿಕ್ಕಿ ಅವಳ ಬೆರಳ ತುದಿ ಒರಟಾಗಿದ್ದವು. ಅವಳು ಬೆರಳು ಮಡಚಿಕೊಂಡದ್ದನ್ನು ಅನ್ನದಾನಮ್ಮ ಓದಿಬಿಟ್ಟಳು.

"ನಿಮ್ಮನ್ಯಾಗೂ ಹಂಗ ಏನು?"

"ಹೂಂ."

"ಒಂದು ದಿನಾನೂ ಹೇಳ್ಳಿಲ್ಲ?"

"ಹೆಂಗ ಹೇಳ್ಲಿ ದೊಡ್ಡಮ್ಮಾ. ನೀವು ಪ್ರೀತಿಲೆ ಕೊಟ್ಟಿದ್ದು."

ಅನ್ನದಾನಮ್ಮ ಸ್ಟೌವಿನ ಗಾಳಿ ಬಿಟ್ಟು ಆರಿಸಿದಳು. ಆಮೇಲೆ ಅವಳು ಸುಕನ್ಯಾಳ ಮೊಣಕಾಲ ಮೇಲೆ ಕೈಯಿಟ್ಟಳು.

"ನೀನು ಅಂಗನವಾಡಿ ಟೀಚರು. ಮಕ್ಕಳ ಲೆಕ್ಕಕ್ಕಂತ ತಿಂಗಳಾ ಮನಿ ಮನಿಗೆ ಹೋಗ್ತಿ. ನನಗೊಂದು ಉಪಕಾರ ಮಾಡು. 'ಸ್ಟೌ ಹೆಂಗೈತ್ರಿ' ಅಂತ ಕೇಳಬ್ಯಾಡ, ನನ್ನ ಮಾರಿ ನೋಡಿ ಎಲ್ಲಾರೂ ಚಲೋ ಐತಿ ಅಂತಾರ. ನೀರು ಬೇಡಿದಂಗ ಮಾಡಿ ಅಡಿಗಿ ಮನ್ಯಾಗ ಹೋಗು. ತಪ್ಪಲಿ ತಳ ನೋಡು. ಕರ್ರಗಿದ್ದವರ ಹೆಸರು ಬರ್ಕೊಂಡು ಬಾ. ಹೊಸ ನಾಝಲ್ ತರ್ಸಿ ನಾನ ಹೋಗಿ ಹಾಕಿ ಬರ್ತೀನಿ. ಮೊದಲ ಹೆಸರು ನಿಂದ ಬರಿ."